ಮೀನು ಮೇಡಂ ಬರೆದ ಲೆಕ್ಕ

ಲೆಕ್ಕ ಬರೆದು ಹೊಟ್ಟೆ ಹೊರೆಯುವವರು ಬೆಂಗಳೂರಿನಲ್ಲಿ ಲಕ್ಷಾಂತರ ಮಂದಿ ಇದ್ದಾರೆ. ಬ್ಯಾಂಕಿನಲ್ಲಿ ದುಡ್ಡಿನ ಲೆಕ್ಕ, ಯಶವಂತಪುರದ ಮಂಡಿಯಲ್ಲಿ ಈರುಳ್ಳಿ ಮೂಟೆಯ ಲೆಕ್ಕ, ಬಸ್ಸಿನಲ್ಲಿ ಟಿಕೆಟ್ಟಿನ ಲೆಕ್ಕ. ಆದರೆ ಸತ್ತ ಮೀನಿನ ಲೆಕ್ಕ ಬರೆದು ಇಪ್ಪತ್ತೆಂಟು ವರ್ಷ ಸಂಸಾರ ತೂಗಿಸಿದವರು ಅಪರೂಪ. ಆರ್.ಟಿ. ನಗರದ ಅಂಥ ಒಬ್ಬ ಮಹಿಳೆಯನ್ನು ಬೀದಿಯವರು ‘ಮೀನು ಮೇಡಂ’ ಎಂದೇ ಕರೆಯುತ್ತಿದ್ದರು. ಮೀನಾಕ್ಷಿಯೋ ಮೀನಾಕುಮಾರಿಯೋ ಇರಬೇಕೆಂದು ತಿಳಿದವರೂ ಉಂಟು. ಅವರ ನಿಜವಾದ ಹೆಸರಿನಲ್ಲಿ ಮೀನಿನ ಸುಳಿವೇ ಇರಲಿಲ್ಲ. ಅಡುಗೆಮನೆಯಲ್ಲಂತೂ ಮೊದಲೇ ಇಲ್ಲ. ಅದು ಈರುಳ್ಳಿಯನ್ನೂ ಹಬ್ಬದ ದಿನ ಹೊರಗಿಡುವ ಮನೆ.

ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಮದುವೆಯಾಗಿ, 1991ರಲ್ಲಿ ಅವರು ಪೀಣ್ಯದ ಕಡೆಯ ಒಂದು ಖಾಸಗಿ ಪ್ರಯೋಗಾಲಯಕ್ಕೆ ಸೇರಿದರು. ಆಗಿನ್ನೂ ಬಿ.ಟಿ.ಎಸ್. ಬಸ್ಸಿನ ಕಾಲ. ಮೇಖ್ರಿ ಸರ್ಕಲ್ಲಿನಲ್ಲಿ ನೂಕುನುಗ್ಗಲು, ಯಶವಂತಪುರದಲ್ಲಿ ಇಳಿದು ಇನ್ನೊಂದು ಬಸ್ಸು, ಗೊರಗುಂಟೆಪಾಳ್ಯ ದಾಟಿದ ಮೇಲೆ ಮೂಗಿಗೇ ಗೊತ್ತಾಗುವ ಕೈಗಾರಿಕಾ ಪ್ರದೇಶ. ಮೊದಲ ದಿನ ಮನೆಗೆ ಬಂದಾಗ ಅತ್ತೆ ಕಾಫಿ ಕೊಟ್ಟು ವಿಚಾರಿಸಿದರು.

“ಏನು ಕೆಲಸಾಮ್ಮ ಅದು?”

“ಕಾರ್ಖಾನೆ ಬಿಡೋ ನೀರಲ್ಲಿ ಮೀನು ಬದುಕತ್ತಾ ಅಂತ ನೋಡೋದು ಅತ್ತೆ.”

“ಬದುಕದೇ ಹೋದ್ರೆ?”

“ಬರ್ಕೊಳ್ಳೋದು.”

“ಬರ್ಕೊಂಡು?”

ಸೊಸೆಯ ಹತ್ತಿರ ಉತ್ತರವಿರಲಿಲ್ಲ. ಎಂ.ಎಸ್ಸಿ.ಯಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಕೆಲಸ ಹೊರಗಿನವರಿಗೆ ಸುಲಭವಾಗಿ ಕಾಣುತ್ತಿತ್ತು. ಗಾಜಿನ ತೊಟ್ಟಿಗಳ ಸಾಲು. ಒಂದರಲ್ಲಿ ಬರೀ ನೀರು. ಉಳಿದ ಐದರಲ್ಲಿ ಪರೀಕ್ಷಿಸಬೇಕಾದ ರಾಸಾಯನಿಕ, ಒಂದಕ್ಕಿಂತ ಒಂದರಲ್ಲಿ ಸುಮಾರು ಎರಡು ಪಟ್ಟು ಹೆಚ್ಚು. ಪ್ರತಿ ತೊಟ್ಟಿಗೂ ಏಳೋ ಹತ್ತೋ ಮೀನು. ಅಲ್ಲಿಂದ 96 ಗಂಟೆ, ಅಂದರೆ ನಾಲ್ಕು ಹಗಲು ನಾಲ್ಕು ರಾತ್ರಿ ಕಾಯುವುದು. 24, 48, 72, 96ನೇ ಗಂಟೆಗಳಲ್ಲಿ ಎಷ್ಟು ಸತ್ತವು, ಎಷ್ಟು ಉಳಿದವು ಎಂದು ಬರೆಯುವುದು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿದರೆ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಮುಗಿಯಿತು.

ಆದರೆ ಸೋಮವಾರ ಬರುವ ಮೊದಲೇ ಎರಡು ವಾರದ ಚಾಕರಿ ಇರುತ್ತಿತ್ತು. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಬಂದ ಮೀನುಗಳು ಬಾಣಂತಿಯಷ್ಟೇ ಸೂಕ್ಷ್ಮ. ಹೊಸ ನೀರಿಗೆ ಒಗ್ಗಿಕೊಳ್ಳಲು ಅವಕ್ಕೆ ಹತ್ತು ಹನ್ನೆರಡು ದಿನ ಬೇಕು. ನಲ್ಲಿಯಲ್ಲಿ ಬರುವ ಕಾವೇರಿ ನೀರನ್ನು ಹಾಗೇ ಸುರಿಯುವಂತಿಲ್ಲ. ಮನುಷ್ಯರ ಆರೋಗ್ಯಕ್ಕೆಂದು ಹಾಕಿದ ಕ್ಲೋರಿನ್ ಮೀನಿನ ಕಿವಿರು ಸುಡುತ್ತದೆ. ಪರೀಕ್ಷೆಗೆ ಒಂದು ದಿನ ಮೊದಲು ಆಹಾರ ನಿಲ್ಲಿಸಬೇಕು, ನೀರಿನ ಉಷ್ಣತೆ ಏರಿಳಿಯಬಾರದು, ಕರಗಿದ ಆಮ್ಲಜನಕ ಶೇಕಡಾ 60ಕ್ಕಿಂತ ಕೆಳಗಿಳಿಯಬಾರದು. ಇಷ್ಟೆಲ್ಲ ಮಾಡಿಯೂ ಬರೀ ನೀರಿನ ತೊಟ್ಟಿಯಲ್ಲಿ ಹತ್ತಕ್ಕೆ ಒಂದಕ್ಕಿಂತ ಹೆಚ್ಚು ಮೀನು ಸತ್ತರೆ ಇಡೀ ಪರೀಕ್ಷೆ ರದ್ದು. ವಿಷವಿಲ್ಲದ ನೀರಿನಲ್ಲೇ ಬದುಕಿಸಲಾರದವರು ವಿಷದ ಮಾತಾಡಬಾರದು ಎಂಬುದು ಅದರ ತಾತ್ಪರ್ಯ.

ಸತ್ತಿದೆ ಎಂದು ಬರೆಯುವುದಕ್ಕೂ ನಿಯಮ ಉಂಟು. ಕಿವಿರು ಆಡಬಾರದು, ಬಾಲದ ಬುಡವನ್ನು ಮೆಲ್ಲನೆ ಮುಟ್ಟಿದರೆ ಮಿಸುಕಬಾರದು. ಎರಡೂ ಖಚಿತವಾದ ಮೇಲೆಯೇ ಪುಸ್ತಕದಲ್ಲಿ ಒಂದು ಗೀಟು. ಸಾವಿಗೆ ಮುಂಚಿನ ಸಂಗತಿಗಳಿಗೂ ಬೇರೆ ಕಾಲಮ್ಮು ಇತ್ತು. ಯಾವುದು ಒಂದು ಪಕ್ಕಕ್ಕೆ ವಾಲಿ ಈಜುತ್ತಿದೆ, ಯಾವುದು ಮೇಲೆ ಬಂದು ಗಾಳಿ ಗುಟುಕರಿಸುತ್ತಿದೆ, ಯಾವುದರ ಬಣ್ಣ ಕಂದಿದೆ. ವರ್ಷಗಳು ಕಳೆದಂತೆ ಮೇಡಂಗೆ ತೊಟ್ಟಿಯ ಮುಂದೆ ನಿಂತೊಡನೆ ಒಳಗೆ ಬಂದಿರುವುದು ಎಂಥದು ಎಂಬ ಅಂದಾಜು ಸಿಗತೊಡಗಿತು. ಕೀಟನಾಶಕವಾದರೆ ಮೀನು ಹುಚ್ಚೆದ್ದಂತೆ ಸುತ್ತುತ್ತದೆ. ಲೋಹವಾದರೆ ಕಿವಿರಿನ ಮೇಲೆ ಲೋಳೆ ಕಟ್ಟಿ ಏದುಸಿರು ಬಿಡುತ್ತದೆ. ಹಳ್ಳಿಯ ನಾಟಿವೈದ್ಯರು ನಾಡಿ ಹಿಡಿದು ಹೇಳುವ ಹಾಗೆ.

ಶುಕ್ರವಾರದ ಲೆಕ್ಕದಿಂದ ಒಂದು ಸಂಖ್ಯೆ ಹೊರಡುತ್ತದೆ. ನಾಲ್ಕು ದಿನದಲ್ಲಿ ಅರ್ಧದಷ್ಟು ಮೀನು ಸಾಯಲು ಲೀಟರ್ ನೀರಿನಲ್ಲಿ ಎಷ್ಟು ವಿಷ ಬೇಕು ಎಂಬುದೇ ಆ ಸಂಖ್ಯೆ. ಎಲ್‌ಸಿ-50 ಎಂದು ಅದರ ಹೆಸರು. ಸಂಖ್ಯೆ ಚಿಕ್ಕದಾದಷ್ಟೂ ವಿಷ ಘೋರ. ಲೀಟರಿಗೆ 1 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆಯಲ್ಲೇ ಕೊಲ್ಲುವುದನ್ನು ಜಲಚರಗಳಿಗೆ ಅತ್ಯಂತ ವಿಷಕಾರಿ ಎಂದು ಜಗತ್ತಿನಾದ್ಯಂತ ವರ್ಗೀಕರಿಸುತ್ತಾರೆ. ಡಬ್ಬದ ಮೇಲೆ ಸತ್ತ ಮೀನು, ಒಣಗಿದ ಮರದ ಚಿತ್ರ ಹಾಕುವುದು ಇಂಥದ್ದಕ್ಕೇ.

ಮಿಲಿಗ್ರಾಂ ಎಂದರೆ ಎಷ್ಟು ಎಂದು ಮನೆಯಲ್ಲಿ ತಿಳಿಸಲು ಮೇಡಂ ಮಹಡಿಯ ಮೇಲಿನ ಸಾವಿರ ಲೀಟರಿನ ಟ್ಯಾಂಕನ್ನು ತೋರಿಸುತ್ತಿದ್ದರು. ಅದರಲ್ಲಿ ಒಂದು ಚಿಟಿಕೆ, ಒಂದು ಗ್ರಾಂ, ಬೆರೆಸಿದರೆ ಲೀಟರಿಗೆ 1 ಮಿಲಿಗ್ರಾಂ. ಬಟ್ಟೆ ಒಗೆಯುವ ಪುಡಿಯಲ್ಲಿ ಕೊಳೆ ಬಿಡಿಸಿ ನೊರೆ ಬರಿಸುವ ರಾಸಾಯನಿಕ ಬಹಳಷ್ಟು ಮೀನುಗಳಿಗೆ ಲೀಟರಿಗೆ ಕೆಲವೇ ಮಿಲಿಗ್ರಾಂಗಳಲ್ಲಿ ಮಾರಕ. 50 ಗ್ರಾಂ ಪುಡಿಯಲ್ಲಿ ಅದು ಹತ್ತನೇ ಒಂದು ಭಾಗ ಇದ್ದರೂ 5 ಗ್ರಾಂ ಆಯಿತು. ಸಾವಿರ ಲೀಟರಿನ ಟ್ಯಾಂಕಿನಲ್ಲಿ ಮೀನು ಸಾಕಿದ್ದರೆ ಆ ಒಂದು ಹಿಡಿ ಪುಡಿ ಅವುಗಳ ಪ್ರಾಣಕ್ಕೇ ಬರಬಹುದು.

“ಹಾಗಾದ್ರೆ ಬಟ್ಟೆ ಒಗಿಯೋದೇ ಬೇಡ್ವೇನಮ್ಮ?” ಎಂದರು ಅತ್ತೆ.

“ಒಗೀಬಹುದು ಅತ್ತೆ. ಆ ನೀರು ಶುದ್ಧೀಕರಣ ಘಟಕಕ್ಕೆ ಹೋಗಿ, ಅಲ್ಲಿ ಬ್ಯಾಕ್ಟೀರಿಯಾ ಅದನ್ನ ತಿಂದು ಮುಗಿಸಿ, ಆಮೇಲೆ ಕೆರೆಗೆ ಹೋಗ್ಬೇಕು ಅಷ್ಟೆ.”

“ನಮ್ಮ ಮೋರಿ ಎಲ್ಲಿಗೆ ಹೋಗತ್ತೆ?”

ಅದಕ್ಕೂ ಉತ್ತರ ಗೊತ್ತಿರಲಿಲ್ಲ. ಅತ್ತೆಯ ಪ್ರಶ್ನೆಗಳು ಹೀಗೆ ಒಂದೊಂದಾಗಿ ಬಾಕಿ ಉಳಿಯುತ್ತಿದ್ದವು.

1993ರ ಮೇ ತಿಂಗಳಿನಲ್ಲಿ ಕೇಂದ್ರ ಸರ್ಕಾರ ಕಾರ್ಖಾನೆಗಳ ಹೊರಹರಿವಿಗೆ ದೇಶಕ್ಕೆಲ್ಲ ಅನ್ವಯವಾಗುವ ಮಾನದಂಡ ಹೊರಡಿಸಿತು. ಸೀಸ ಇಷ್ಟು, ಸತು ಇಷ್ಟು, ಸಯನೈಡ್ ಇಷ್ಟು ಎಂಬ ಪಟ್ಟಿಯ ನಡುವೆ ಒಂದು ಸಾಲು ಮೀನಿನದೂ ಇತ್ತು. ಏನೂ ಬೆರೆಸದ ಹೊರಹರಿವಿನ ನೀರಿನಲ್ಲಿ 96 ಗಂಟೆಯ ಬಳಿಕ ಶೇಕಡಾ 90ರಷ್ಟು ಮೀನು ಉಳಿದಿರಬೇಕು. ಕಾನೂನಿನ ಭಾಷೆಯಲ್ಲಿ ಇಷ್ಟು ಸರಳವಾದ, ಇಷ್ಟು ನ್ಯಾಯವಾದ ವಾಕ್ಯ ಸಿಗುವುದು ಕಷ್ಟ. ನೀರಿನಲ್ಲಿ ನೂರು ಬಗೆಯ ರಾಸಾಯನಿಕಗಳಿರಬಹುದು. ಒಂದೊಂದನ್ನೂ ಅಳೆಯಲು ಯಂತ್ರ ಬೇಕು, ದುಡ್ಡು ಬೇಕು, ಏನನ್ನು ಹುಡುಕಬೇಕೆಂದು ಮೊದಲೇ ಗೊತ್ತಿರಬೇಕು. ಮೀನಿಗೆ ಅದಾವುದೂ ಬೇಡ. ಎಲ್ಲವನ್ನೂ ಒಟ್ಟಿಗೆ ಕುಡಿದು, ಒಟ್ಟಿಗೆ ಉಸಿರಾಡಿ, ಒಂದೇ ಮಾತಿನಲ್ಲಿ ಉತ್ತರ ಹೇಳುತ್ತದೆ.

ಆ ಸಾಲು ಬಂದ ಮೇಲೆ ಪ್ರಯೋಗಾಲಯಕ್ಕೆ ಪ್ಲಾಸ್ಟಿಕ್ ಕ್ಯಾನುಗಳು ಬರತೊಡಗಿದವು. ಅವುಗಳಲ್ಲಿ ಒಂದರ ಕಥೆ ಹೇಳಲೇಬೇಕು. ಕಾರ್ಖಾನೆಯ ಹೆಸರು ಇಲ್ಲಿ ಬೇಡ. ತಂದವರು ಪರಿಚಯದವರೇ, ದೀಪಾವಳಿಗೆ ಸಿಹಿ ಕಳಿಸುವಷ್ಟು. ಎರಡು ತೊಟ್ಟಿಗಳಲ್ಲಿ ಹತ್ತು ಹತ್ತು ಮೀನು ಬಿಟ್ಟದ್ದಾಯಿತು. ಮೂರನೇ ದಿನದವರೆಗೆ ಎಲ್ಲವೂ ಆರಾಮ. ಶುಕ್ರವಾರ ಬೆಳಿಗ್ಗೆ ನೋಡಿದರೆ ಮೂರು ಮೀನು ಹೊಟ್ಟೆ ಮೇಲಾಗಿ ತೇಲುತ್ತಿವೆ. ಇಪ್ಪತ್ತರಲ್ಲಿ ಹದಿನೆಂಟು ಉಳಿದರೆ ಪಾಸು, ಹದಿನೇಳಾದರೆ ನಪಾಸು.

“ಒಂದೇ ಒಂದು ಮೀನಿನ ಮಾತು ಮೇಡಂ. ಅದೇನು ನಮ್ಮ ನೀರಿಂದಲೇ ಸತ್ತಿತು ಅಂತ ಹೇಳೋಕಾಗತ್ತಾ? ಮುನ್ನೂರು ಜನ ಕೆಲಸಗಾರರಿದ್ದಾರೆ, ನೋಡಿ.”

ಬಂದವರ ಮಾತಿನಲ್ಲಿ ಬೆದರಿಕೆ ಇರಲಿಲ್ಲ, ನಿಜವಾದ ಆತಂಕವೇ ಇತ್ತು. ಆ ಮುನ್ನೂರು ಜನರಲ್ಲಿ ಕೆಲವರು ಮೇಡಂ ಜೊತೆ ಅದೇ ಬಸ್ಸಿನಲ್ಲಿ ಬರುವವರು. ಒಂದು ಮೀನಿನ ತೂಕ ಅರ್ಧ ಗ್ರಾಂ ಇರಬಹುದು. ತಕ್ಕಡಿಯ ಇನ್ನೊಂದು ಕಡೆ ಮುನ್ನೂರು ಸಂಸಾರ. ಮೇಡಂ ಬರೀ ನೀರಿನ ತೊಟ್ಟಿಯ ಕಡೆ ಕೈ ತೋರಿಸಿದರು. ಅಲ್ಲಿ ಹತ್ತಕ್ಕೆ ಹತ್ತೂ ಈಜಾಡುತ್ತಿದ್ದವು. “ಅವು ಅದೇ ಚೀಲದಲ್ಲಿ ಬಂದ ಮೀನು ಸಾರ್, ಅಣ್ಣತಮ್ಮಂದಿರು” ಎಂದು ಹೇಳಿ ಪುಸ್ತಕದಲ್ಲಿ ಹದಿನೇಳು ಎಂದು ಬರೆದರು. ಪ್ರಯೋಗಾಲಯದ ಯಜಮಾನರು ಸಂಜೆ ಕರೆದು ಕೇಳಿದರು, ಒಂದು ನಿಮಿಷ ಸುಮ್ಮನಿದ್ದರು, ಆಮೇಲೆ ರುಜು ಹಾಕಿದರು. ಅವರಿಗೂ ಅದು ಸುಲಭದ ರುಜು ಆಗಿರಲಿಲ್ಲ.

ಎರಡು ತಿಂಗಳಾದ ಮೇಲೆ ಅದೇ ಕಾರ್ಖಾನೆಯಿಂದ ಮತ್ತೊಂದು ಕ್ಯಾನು ಬಂತು. ನೀರು ಎಷ್ಟು ತಿಳಿಯಾಗಿತ್ತೆಂದರೆ ಹಿಂದಿರುವ ಗೋಡೆಯ ಕ್ಯಾಲೆಂಡರು ಓದಬಹುದಿತ್ತು. ಇಪ್ಪತ್ತಕ್ಕೆ ಇಪ್ಪತ್ತೂ ಉಳಿದವು. ಕಾರ್ಖಾನೆಯವರು ನೀರನ್ನು ನಿಜವಾಗಿ ಶುದ್ಧೀಕರಿಸಿದ್ದರೋ ಅಥವಾ ಕ್ಯಾನು ತುಂಬಿದ್ದು ಎಲ್ಲಿಂದಲೋ, ಮೀನು ಹೇಗೆ ಹೇಳೀತು? ಕ್ಯಾನಿನೊಳಗೆ ಬಂದ ನೀರಿಗೆ ಮಾತ್ರ ಅದು ಸಾಕ್ಷಿ. ಯಾವ ನಲ್ಲಿಯಿಂದ, ಯಾವ ಹೊತ್ತಿನಲ್ಲಿ ತುಂಬಿದರು ಎಂಬುದು ಮನುಷ್ಯರು ನೋಡಿಕೊಳ್ಳಬೇಕಾದ ಸಂಗತಿ. ಅತ್ತೆ ಕೇಳಿದ ‘ಬರ್ಕೊಂಡು?’ ಎಂಬ ಪ್ರಶ್ನೆಯ ಅರ್ಥ ಮೇಡಂಗೆ ಪೂರ್ತಿ ಹೊಳೆದದ್ದು ಅವತ್ತು.

ಸಾಕ್ಷಿಯ ಮಿತಿ ಅಷ್ಟಕ್ಕೇ ಮುಗಿಯಲಿಲ್ಲ. ಪೀಣ್ಯದಲ್ಲಿ ಲೋಹದ ಸಾಮಾನಿಗೆ ಹೊಳಪಿನ ಲೇಪ ಕೊಡುವ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳು ಬಹಳ. ಅವುಗಳಲ್ಲಿ ಬಳಕೆಯಾಗುವ ಹೆಕ್ಸಾವಲೆಂಟ್ ಕ್ರೋಮಿಯಂ ಆ ಭಾಗದ ಅಂತರ್ಜಲದಲ್ಲಿ ಸೇರಿರುವುದು ಸರ್ಕಾರಿ ಸಂಸ್ಥೆಗಳ ತಪಾಸಣೆಯಲ್ಲೇ ಕಂಡುಬಂದ ವಿಷಯ. ಪೀಣ್ಯದ ಆಸುಪಾಸಿನಲ್ಲಿ ಹುಟ್ಟುವ ವೃಷಭಾವತಿ ಊರೆಲ್ಲ ಬಳಸಿಕೊಂಡು ಬಿಡದಿ ಸಮೀಪದ ಭೈರಮಂಗಲ ಕೆರೆಗೆ, ಅಲ್ಲಿಂದ ಅರ್ಕಾವತಿಗೆ ಸೇರುತ್ತದೆ. ಈ ಕ್ರೋಮಿಯಂ ವಿಷಯದಲ್ಲಿ ಮೀನು ಒಳ್ಳೆಯ ಸಾಕ್ಷಿಯಲ್ಲ. ಲೀಟರಿಗೆ ಹತ್ತಾರು ಮಿಲಿಗ್ರಾಂ ಇದ್ದರೂ ಹಲವು ಜಾತಿಯ ಮೀನುಗಳು ನಾಲ್ಕು ದಿನ ಹೇಗೋ ತಾಳಿಕೊಳ್ಳುತ್ತವೆ. ನೀರುಚಿಗಟ ಎಂದು ಕರೆಯುವ ಡ್ಯಾಫ್ನಿಯಾ ಮಾತ್ರ ಒಂದು ಮಿಲಿಗ್ರಾಂ ಮುಟ್ಟುವ ಮೊದಲೇ ಸತ್ತು ಬೀಳುತ್ತದೆ. ಸಾಸಿವೆಕಾಳಿಗಿಂತ ದೊಡ್ಡದಲ್ಲದ ಈ ಪ್ರಾಣಿ ಮೀನುಮರಿಗಳ ಅನ್ನ. ಅಂದರೆ ಪರೀಕ್ಷೆಯಲ್ಲಿ ಮೀನು ಪಾಸಾಗುತ್ತದೆ, ಕೆರೆಯಲ್ಲಿ ಅದರ ಊಟ ಸತ್ತಿರುತ್ತದೆ. ಕಾನೂನು ಈ ಕ್ರೋಮಿಯಂಗೆ ಲೀಟರಿಗೆ 0.1 ಮಿಲಿಗ್ರಾಂ ಎಂಬ ಪ್ರತ್ಯೇಕ ಮಿತಿ ಇಟ್ಟಿರುವುದರಿಂದ ಆ ಕಿಂಡಿ ಮುಚ್ಚಿದೆ. ಮಿತಿಯೇ ಗೊತ್ತಾಗದ ನೂರಾರು ರಾಸಾಯನಿಕಗಳಿಗೆ ಇಂಥ ಕಾವಲಿಲ್ಲ. ಹೊಸ ರಾಸಾಯನಿಕ ಮಾರುಕಟ್ಟೆಗೆ ಬರುವ ಮೊದಲು ಪಾಚಿ, ನೀರುಚಿಗಟ, ಮೀನು ಮೂರರ ಮೇಲೂ ಪರೀಕ್ಷೆ ಕೇಳುವ ಪದ್ಧತಿ ಬೆಳೆದು ಬಂದದ್ದು ಇದಕ್ಕಾಗಿಯೇ. ಉಣ್ಣುವವನನ್ನೂ ಕೇಳಬೇಕು, ಊಟವನ್ನೂ ಕೇಳಬೇಕು.

ಇನ್ನು ಗಾಜಿನ ತೊಟ್ಟಿಗೂ ಕೆರೆಗೂ ಇರುವ ಅಂತರ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ತಾಮ್ರದ ವಿಷ ಅಷ್ಟಾಗಿ ತಾಗದು. ಅದೇ ತಾಮ್ರ ಮಳೆನೀರು ತುಂಬಿದ ಮೆದು ನೀರಿನ ಕೆರೆಯಲ್ಲಿ ಹಲವು ಪಟ್ಟು ಕಟುವಾಗುತ್ತದೆ. ಒಳಚರಂಡಿಯ ನೀರಿನ ಜೊತೆ ಬರುವ ಅಮೋನಿಯಾ ಬೆಳಿಗ್ಗೆ ಸುಮ್ಮನಿರುತ್ತದೆ. ಮಧ್ಯಾಹ್ನದ ಬಿಸಿಲಿಗೆ ಪಾಚಿ ಬೆಳೆದು ನೀರು ಕ್ಷಾರವಾದಾಗ ಅದೇ ಅಮೋನಿಯಾ ವಿಷದ ರೂಪ ತಾಳುತ್ತದೆ. ಹಗಲೆಲ್ಲ ಆಮ್ಲಜನಕ ಕೊಟ್ಟ ಆ ಪಾಚಿ ರಾತ್ರಿಯಾದರೆ ತಾನೇ ಅದನ್ನು ಉಸಿರಾಡಿ ಮುಗಿಸುತ್ತದೆ. ಹಾಗಾಗಿ ಕೆರೆಯ ಮೀನಿಗೆ ಕಂಟಕ ಬರುವುದು ಹೆಚ್ಚಾಗಿ ಬೆಳಗಿನ ಜಾವ. ಕಚೇರಿ ತೆರೆದು, ಜೀಪು ಹೊರಟು, ಸೀಸೆಯಲ್ಲಿ ನೀರು ತುಂಬಿಕೊಳ್ಳುವ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆ, ಆಮ್ಲಜನಕ ಸಮೃದ್ಧಿ. 2016ರ ಮಾರ್ಚಿಯಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ ಚಿತ್ರಗಳು ಪತ್ರಿಕೆಗಳಲ್ಲಿ ಬಂದಾಗ ಮೇಡಂ ಆ ಪುಟವನ್ನು ಬಹಳ ಹೊತ್ತು ನೋಡುತ್ತ ಕುಳಿತಿದ್ದರು. ಅಷ್ಟು ಗೀಟುಗಳನ್ನು ಬರೆಯುವ ಪುಸ್ತಕ ಯಾವ ಪ್ರಯೋಗಾಲಯದಲ್ಲೂ ಇಲ್ಲ.

ಮೀನು ಸಾಯಲಿಲ್ಲ ಎಂದ ಮಾತ್ರಕ್ಕೆ ನಿಶ್ಚಿಂತೆ ಇಲ್ಲ ಎನ್ನುವುದಕ್ಕೆ ಜಪಾನಿನ ಮಿನಮಾಟ ದೊಡ್ಡ ಪಾಠ. 1956ರಲ್ಲಿ ಅಲ್ಲಿ ಬೆಳಕಿಗೆ ಬಂದ ರೋಗಕ್ಕೆ ಕಾರಣ ಕಾರ್ಖಾನೆಯ ಪಾದರಸ. ಆ ಕೊಲ್ಲಿಯಲ್ಲಿ ಬದುಕಿದ್ದ ಮೀನುಗಳೇ ಪಾದರಸವನ್ನು ಮೈಯಲ್ಲಿ ತುಂಬಿಕೊಂಡು ಬಲೆಗೆ ಬಿದ್ದವು, ತಿಂದವರ ನರಮಂಡಲ ಕೆಟ್ಟಿತು. 96 ಗಂಟೆಯ ಪರೀಕ್ಷೆಗೆ ಇಂಥ ನಿಧಾನದ ವಿಷ ಸಿಕ್ಕುವುದಿಲ್ಲ. ಇದಕ್ಕೆ ತದ್ವಿರುದ್ಧ ಕನ್ನಡಿಗರೇ ಇರುವ ಕಾಸರಗೋಡಿನದು. ಎಂಡೋಸಲ್ಫಾನ್ ಮೀನಿಗೆ ಲೀಟರಿಗೆ ಕೆಲವೇ ಮೈಕ್ರೋಗ್ರಾಂಗಳಲ್ಲಿ ಮಾರಕ ಎಂಬುದು ವಿಜ್ಞಾನಿಗಳಿಗೆ ಮೊದಲಿನಿಂದ ಗೊತ್ತಿದ್ದ ಮಾತು. ಐದು ಮೈಕ್ರೋಗ್ರಾಂ ಎಂದು ಹಿಡಿದರೆ ಒಂದೇ ಒಂದು ಗ್ರಾಂ ಎರಡು ಲಕ್ಷ ಲೀಟರಿಗೆ, ಎಂದರೆ ಆರು ಸಾವಿರ ಲೀಟರಿನ ಮೂವತ್ತಮೂರು ಟ್ಯಾಂಕರಿಗೆ ಸಾಕು. ಅಂಥದ್ದನ್ನು 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದರು. ಕೆಳಗೆ ತೋಡು, ಸುರಂಗ, ಬಾವಿ ಎಲ್ಲವೂ ಬಾಯಿ ತೆರೆದುಕೊಂಡೇ ಇದ್ದವು. ಸುಪ್ರೀಂ ಕೋರ್ಟು ದೇಶದಲ್ಲಿ ಅದನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ಮಿನಮಾಟದಲ್ಲಿ ಮೀನಿಗೆ ಹೇಳಲಾಗಲಿಲ್ಲ. ಕಾಸರಗೋಡಿನ ವಿಷಯದಲ್ಲಿ ಅದು ಪ್ರಯೋಗಾಲಯದಲ್ಲಿ ಮೊದಲೇ ಹೇಳಿತ್ತು, ಹೇಳಿದ್ದನ್ನು ಬರೆದೂ ಇಟ್ಟಿದ್ದರು.

ಅತ್ತೆಗೆ ಕೊನೆಯವರೆಗೂ ಇನ್ನೊಂದು ಸಂಕಟ ಇತ್ತು. ಪರೀಕ್ಷೆ ಮುಗಿದ ಮೇಲೆ ಉಳಿದ ಮೀನು ಏನಾಗುತ್ತದೆ ಎಂದು ಒಮ್ಮೆ ಕೇಳಿ ತಿಳಿದುಕೊಂಡಿದ್ದರು. ವಿಷ ಸೋಕಿದವನ್ನು ಮತ್ತೆ ಬಳಸುವಂತಿಲ್ಲ, ಕೆರೆಗೆ ಬಿಡುವಂತೆಯೂ ಇಲ್ಲ. ಲವಂಗದ ಎಣ್ಣೆ ಬೆರೆಸಿದ ನೀರಿನಲ್ಲಿ ನಿದ್ದೆಗೆ ಜಾರಿಸಿ ಮುಗಿಸುತ್ತಾರೆ. ಅಂದಿನಿಂದ ಪ್ರತಿ ಶುಕ್ರವಾರ ಸಂಜೆ ಸೊಸೆಯ ಹೆಸರಿನಲ್ಲಿ ಅವರು ದೇವರಿಗೆ ಒಂದು ದೀಪ ಹೆಚ್ಚು ಹಚ್ಚುತ್ತಿದ್ದರು. ಸೊಸೆ ಅದನ್ನು ಬೇಡವೆನ್ನಲಿಲ್ಲ. 2001ರಲ್ಲಿ ಪರಿಷ್ಕೃತವಾದ ಭಾರತೀಯ ಮಾನಕದಲ್ಲಿ ಜೀಬ್ರಾ ಮೀನಿಗೆ ಜಾಗ ಸಿಕ್ಕಿತು. ಬೆರಳಿನ ಎರಡು ಗೆಣ್ಣಿನಷ್ಟು ಉದ್ದದ, ಮೈಮೇಲೆ ನೀಲಿ ಗೆರೆಗಳ ಈ ಮೀನು ನಮ್ಮದೇ ಉಪಖಂಡದ ಹಳ್ಳಕೊಳ್ಳಗಳದ್ದು. 1822ರಲ್ಲಿ ಫ್ರಾನ್ಸಿಸ್ ಹ್ಯಾಮಿಲ್ಟನ್ ಗಂಗೆಯ ಮೀನುಗಳ ಪುಸ್ತಕದಲ್ಲಿ ಅದನ್ನು ವರ್ಣಿಸಿದ್ದ. ಜಗತ್ತಿನ ಪ್ರಯೋಗಾಲಯಗಳನ್ನೆಲ್ಲ ಸುತ್ತಿ ಬಂದ ಮೇಲೆ ಅದು ಬಳ್ಳಾರಿ ರಸ್ತೆಯ ಜಿ.ಕೆ.ವಿ.ಕೆ. ಆವರಣದಲ್ಲಿರುವ ಎನ್.ಸಿ.ಬಿ.ಎಸ್. ಸಂಸ್ಥೆಯಲ್ಲೂ ನರಮಂಡಲದ ಅಧ್ಯಯನಕ್ಕೆ ನೆರವಾಗುತ್ತಿದೆ. 2013ರಲ್ಲಿ ಬೆಳೆದ ಮೀನಿನ ಬದಲು ಅದರ ಮೊಟ್ಟೆಗಳ ಮೇಲೆ ಪರೀಕ್ಷೆ ನಡೆಸುವ ಅಂತರರಾಷ್ಟ್ರೀಯ ವಿಧಾನಕ್ಕೆ ಒಪ್ಪಿಗೆ ಸಿಕ್ಕಿತು. ಆ ಸುದ್ದಿ ಕೇಳಲು ಅತ್ತೆ ಇರಲಿಲ್ಲ. ಇದ್ದಿದ್ದರೆ ‘ಮೊಟ್ಟೆಗೆ ಜೀವ ಇಲ್ವೇನಮ್ಮ?’ ಎಂದು ಕೇಳದೆ ಬಿಡುತ್ತಿರಲಿಲ್ಲ.

2019ರಲ್ಲಿ ಮೇಡಂ ನಿವೃತ್ತರಾದರು. ಮಗ ಜಕ್ಕೂರಿನ ಕಡೆ ಫ್ಲ್ಯಾಟು ತೆಗೆದುಕೊಂಡದ್ದರಿಂದ ಸಂಸಾರವೂ ಅಲ್ಲಿಗೆ ಹೋಯಿತು. ಜಕ್ಕೂರು ಕೆರೆ ಸುಮಾರು 160 ಎಕರೆಯದು. ಅದರ ಮೇಲ್ಭಾಗದಲ್ಲಿ ಒಳಚರಂಡಿ ನೀರು ಶುದ್ಧೀಕರಿಸುವ ಜಲಮಂಡಳಿಯ ಘಟಕವಿದೆ. ಅಲ್ಲಿಂದ ಹೊರಟ ನೀರು ಆಪು, ಜೊಂಡು ಬೆಳೆದ ಜೌಗಿನ ಮೂಲಕ ಸೋಸಿಕೊಂಡು ಕೆರೆಗಿಳಿದು, ಕೋಡಿಯಿಂದ ಮುಂದೆ ರಾಚೇನಹಳ್ಳಿ ಕೆರೆಗೆ ಹೋಗುತ್ತದೆ. ‘ನಮ್ಮ ಮೋರಿ ಎಲ್ಲಿಗೆ ಹೋಗತ್ತೆ’ ಎಂಬ ಹಳೆಯ ಪ್ರಶ್ನೆಗೆ ಕಣ್ಣಿಗೆ ಕಾಣುವ ಒಂದು ಉತ್ತರ ಬೆಂಗಳೂರಿನಲ್ಲಿ ಇದ್ದರೆ ಇಲ್ಲಿದೆ. ಆ ನೀರಿನಲ್ಲಿ ಹೆಜ್ಜಾರ್ಲೆ ಬರುತ್ತವೆ, ಕಾಟ್ಲಾ ರೋಹು ಬೆಳೆಯುತ್ತವೆ, ಅದನ್ನು ನಂಬಿ ಮೀನು ಹಿಡಿಯುವ ಸಂಸಾರಗಳೂ ಇವೆ.

ಒಂದು ಬೆಳಿಗ್ಗೆ ವಾಕಿಂಗ್ ಹೋದ ಮೇಡಂ ಏರಿಯ ಪಕ್ಕ ಬಲೆ ಬಿಡಿಸುತ್ತಿದ್ದವನ ಮುಂದೆ ನಿಂತರು.

“ಮೀನು ಬೇಕಿತ್ತಾ ಮೇಡಂ?”

“ಬೇಡಪ್ಪ, ನಾವು ತಿನ್ನಲ್ಲ. ಹೇಗಿವೆ ಮೀನು?”

ಅವನು ವಿಚಿತ್ರವಾಗಿ ನೋಡಿದ. ತಿನ್ನದವರು ಮೀನಿನ ಯೋಗಕ್ಷೇಮ ವಿಚಾರಿಸಿದ್ದು ಅದೇ ಮೊದಲಿರಬೇಕು.

“ಈಗ ನೋಡಿದ್ರೆ ಎಲ್ಲಾ ಚೆನ್ನಾಗೇ ಕಾಣ್ತವೆ. ಬೆಳಗಿನ ಜಾವ ಬರ್ಬೇಕು. ಬಾಯಿ ಮೇಲಕ್ಕೆ ಮಾಡ್ಕೊಂಡು ನಿಂತಿದ್ರೆ ಅವತ್ತು ನಾವು ಬಲೆ ಬಿಡಲ್ಲ. ಮೊದ್ಲು ಮೋರಿ ಕಡೆಗೆ ಹೋಗ್ತೀವಿ, ರಾತ್ರಿ ಏನ್ ಬಿಟ್ಟವ್ರೆ ಅಂತ ನೋಡೋಕೆ.”

“ಗೊತ್ತಾಗತ್ತಾ?”

“ವಾಸ್ನೆ ಇರತ್ತೆ, ಬಣ್ಣ ಇರತ್ತೆ. ಒಂಬತ್ತು ಗಂಟೆಗೆ ಬಂದ್ರೆ ಏನೂ ಇರಲ್ಲ ಮೇಡಂ.”

ಎಷ್ಟು ಹೊತ್ತಿಗೆ ಬರಬೇಕು ಎಂದು ಮೇಡಂ ಕೇಳಿದರು. ಐದಕ್ಕೆ ಎಂದ.

ಮುಂದಿನ ಸೋಮವಾರ ಐದು ಗಂಟೆಗೆ ಅವರು ಏರಿಯ ಮೇಲೆ ಟಾರ್ಚು ಹಿಡಿದು ನಿಂತಿದ್ದರು. ಇನ್ನೊಂದು ಕೈಯಲ್ಲಿ ಹೊಸ ನೋಟುಬುಕ್ಕು. ಹಳೆಯ ಅಭ್ಯಾಸದಂತೆ ಗೆರೆ ಎಳೆದು ತಾರೀಖು, ಹೊತ್ತು, ಬಾಯಿ ಬಿಡುತ್ತಿರುವ ಮೀನು, ಸತ್ತ ಮೀನು ಎಂದು ಕಾಲಮ್ಮು ಮಾಡಿದ್ದರು. ಪ್ರಯೋಗಾಲಯದ ಪುಸ್ತಕದಲ್ಲಿ ಎಂದೂ ಇಲ್ಲದಿದ್ದ ಇನ್ನೆರಡು ಕಾಲಮ್ಮುಗಳು ಈ ಪುಸ್ತಕದಲ್ಲಿದ್ದವು: ಯಾವ ಮೋರಿ, ಯಾರಿಗೆ ತಿಳಿಸಿದ್ದು.